ಡೈರೆಕ್ಟ್ ಕೊಟ್ಟ ಸ್ವಿಚ್ಚು, ಹಿಡಿಯದ ಬ್ರೇಕು

ಶನಿವಾರಸಂತೆಯಿರಲಿ, ಕೊಡ್ಲಿಪೇಟೆಯಿರಲಿ, ಸಕಲೇಶಪುರವಿರಲಿ, ಸಣ್ಣ ಪೇಟೆಯ ಯಾವ ಗ್ಯಾರೇಜಿನ ಮುಂದೆ ಹೊತ್ತು ಕಳೆದರೂ ‘ಡೈರೆಕ್ಟ್’ ಎಂಬ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ‘ಸ್ವಿಚ್ ಹೋಗಿತ್ತು, ಡೈರೆಕ್ಟ್ ಕೊಟ್ಟಿದ್ದೀನಿ’ ಎಂದರೆ ಸ್ವಿಚ್ಚಿಗೆ ಬರುತ್ತಿದ್ದ ಎರಡು ವೈರುಗಳನ್ನು ಕಿತ್ತು, ತುದಿ ಸುಲಿದು, ಒಂದಕ್ಕೊಂದು ಹೊಸೆದು, ಮೇಲೆ ಕಪ್ಪು ಟೇಪು ಸುತ್ತಲಾಗಿದೆ ಎಂದರ್ಥ. ಯಂತ್ರ ಆ ಕ್ಷಣವೇ ಸ್ಟಾರ್ಟ್ ಆಗುತ್ತದೆ. ತಂದವನಿಗೆ ಸಮಾಧಾನ, ಮಾಡಿದವನಿಗೆ ಕೂಲಿ. ಮನೆಯ ದೀಪದ ಸ್ವಿಚ್ಚಿಗೆ ಹೀಗೆ ಮಾಡಿದರೆ ದೀಪ ಆರುವುದಿಲ್ಲ, ಅಷ್ಟೇ. ಹುಲ್ಲು ಕತ್ತರಿಸುವ ಯಂತ್ರ, ಟ್ರ್ಯಾಕ್ಟರುಗಳ ಸುರಕ್ಷತಾ ಸ್ವಿಚ್ಚಿನ ಮಾತು ಬೇರೆ. ಅದು ಬ್ರೇಕು ಮತ್ತು ಕ್ಲಚ್ಚಿನ ಸ್ಥಿತಿಯನ್ನು ಎಂಜಿನ್ನಿಗೆ ತಿಳಿಸುವ ಸಾಕ್ಷಿ. ಸಾಕ್ಷಿಯ ಬಾಯಿ ಕಟ್ಟಿದರೆ ತಪ್ಪು ಹೋಗುವುದಿಲ್ಲ, ತಪ್ಪಿನ ಸುದ್ದಿ ಮಾತ್ರ ನಿಲ್ಲುತ್ತದೆ. ಸ್ವಿಚ್ಚಿನ ದೂರೆಂದು ಗ್ಯಾರೇಜಿಗೆ ಬರುವ ಎಷ್ಟೋ ದೂರುಗಳು ನಿಜದಲ್ಲಿ ಬ್ರೇಕಿನವು, ಕ್ಲಚ್ಚಿನವು. ಹಾಗಾಗಿ ಡೈರೆಕ್ಟ್ ಕೊಡುವುದನ್ನು ರಿಪೇರಿ ಎಂದು ಕರೆಯುವುದನ್ನೇ ನಾವು ಬಿಡಬೇಕು.

ಈ ಮಾತನ್ನು ಶನಿವಾರಸಂತೆಯಲ್ಲಿ ನಿಂತು ಆಡುವುದಕ್ಕೆ ಕಾರಣವಿದೆ. ಕೊಡಗಿನ ಉತ್ತರ ತುದಿಯ ಈ ಹೋಬಳಿಯಲ್ಲಿ ಸಮತಟ್ಟು ನೆಲವೆಂದರೆ ಹೆಚ್ಚುಕಮ್ಮಿ ಗದ್ದೆಯ ಬಯಲು ಮಾತ್ರ. ಉಳಿದದ್ದೆಲ್ಲ ಏರು, ಇಳಿಜಾರು. ಸಿಲ್ವರ್ ಓಕಿನ ನೆರಳಲ್ಲಿ ಕಾಫಿ, ಮರಕ್ಕೆ ಹಬ್ಬಿದ ಮೆಣಸು, ತಗ್ಗಿನಲ್ಲಿ ಭತ್ತ, ಅಲ್ಲಲ್ಲಿ ಶುಂಠಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿಯಿತೆಂದರೆ ಕಳೆ ಮೊಣಕಾಲೆತ್ತರ ಬರಲು ಬಹಳ ದಿನ ಬೇಡ. ಕೈಯಲ್ಲಿ ಕಳೆ ಹೊಡೆಯುವ ಆಳು ಸಿಗುವುದು ಕಷ್ಟವಾದ ಮೇಲೆ ಆ ಜಾಗಕ್ಕೆ ಪೆಟ್ರೋಲ್ ವೀಡ್ ಕಟರ್, ಪವರ್ ಟಿಲ್ಲರ್, ಮಿನಿ ಟ್ರ್ಯಾಕ್ಟರ್ ಬಂದವು. ಮೇಲೆ ಕೂತು ಓಡಿಸುವ ಲಾನ್ ಮೂವರ್ ಈ ಕಡೆ ಅಪರೂಪ. ಗಾಲ್ಫ್ ಮೈದಾನ, ದೊಡ್ಡ ರೆಸಾರ್ಟು, ಎಸ್ಟೇಟ್ ಬಂಗಲೆಯ ಅಂಗಳಕ್ಕೆ ಸೀಮಿತ. ಆದರೆ ಕ್ಲಚ್ಚು, ಬ್ರೇಕು, ಸುರಕ್ಷತಾ ಸ್ವಿಚ್ಚು ಈ ಮೂರರ ನಂಟು ಎಷ್ಟು ಬಿಗಿಯಾದದ್ದೆಂದು ಆ ಅಪರೂಪದ ಯಂತ್ರದಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆ ಯಂತ್ರದಲ್ಲಿ ಕಾಣುವುದಿಲ್ಲ. ಅದನ್ನು ಬಿಚ್ಚಿ ನೋಡಿದವರಿಗೆ ತೋಟದ ಉಳಿದ ಯಂತ್ರಗಳೂ ಅರ್ಥವಾಗುತ್ತವೆ.

ಬೆಲ್ಟ್‌ನಿಂದ ಓಡುವ ಲಾನ್ ಮೂವರ್‌ಗಳಲ್ಲಿ ಸಾಮಾನ್ಯವಾಗಿ ಕ್ಲಚ್ಚಿಗೂ ಬ್ರೇಕಿಗೂ ಒಂದೇ ಪೆಡಲ್. ಕಾಲಿಟ್ಟು ಅದುಮುತ್ತಿದ್ದಂತೆ ಮೊದಲು ಬೆಲ್ಟನ್ನು ಬಿಗಿಹಿಡಿದಿದ್ದ ಗಾಲಿ ಹಿಂದೆ ಸರಿಯುತ್ತದೆ, ಬೆಲ್ಟ್ ಸಡಿಲವಾಗುತ್ತದೆ, ಚಕ್ರಕ್ಕೆ ಹೋಗುತ್ತಿದ್ದ ಶಕ್ತಿ ತಪ್ಪುತ್ತದೆ. ಇದು ಕ್ಲಚ್ಚು. ಇನ್ನಷ್ಟು ಅದುಮಿದರೆ ಒಂದು ಸರಳು ಹಿಂದಿನ ಗೇರ್‌ಬಾಕ್ಸಿನ ಪಕ್ಕದ ಡಿಸ್ಕನ್ನು ಪ್ಯಾಡುಗಳ ನಡುವೆ ಹಿಸುಕುತ್ತದೆ. ಇದು ಬ್ರೇಕು. ಪೂರ್ತಿ ಅದುಮಿದಾಗ ಕೊನೆಯಲ್ಲಿ ಪೆಡಲಿನ ತೋಳೋ ಸರಳೋ ಹೋಗಿ ಬೆರಳ ತುದಿಯಷ್ಟು ದಪ್ಪದ ಒಂದು ಪ್ಲಾಸ್ಟಿಕ್ ಗುಂಡಿಯನ್ನು ಒತ್ತುತ್ತದೆ. ಅದೇ ಸ್ವಿಚ್ಚು. ಅದು ಒತ್ತಿಕೊಂಡು, ಬ್ಲೇಡಿನ ಸ್ವಿಚ್ಚೂ ಆಫ್ ಇದ್ದರೆ ಮಾತ್ರ ಕೀಲಿ ತಿರುಗಿಸಿದಾಗ ಸ್ಟಾರ್ಟರ್‌ಗೆ ಕರೆಂಟು ಹೋಗುತ್ತದೆ. ಅಂದರೆ ಆ ಗುಂಡಿ ನೋಡುತ್ತಿರುವುದು ನಿಮ್ಮ ಕಾಲನ್ನಲ್ಲ. ಪೆಡಲಿನಿಂದ ಬ್ರೇಕಿನವರೆಗಿನ ಇಡೀ ಸರಪಳಿ ತನ್ನ ದಾರಿಯನ್ನು ಪೂರ್ತಿ ನಡೆದಿದೆಯೇ ಎಂಬುದನ್ನು.

ಈ ಸರಪಳಿ ಎಲ್ಲಿ ಕೆಡುತ್ತದೆ? ಸರಳಿನ ತುದಿಯ ತೂತುಗಳು ವರ್ಷಗಟ್ಟಲೆ ಸವೆದು ಉದ್ದುದ್ದ ಆಗುತ್ತವೆ. ಆಗ ಪೆಡಲ್ ನೆಲ ಮುಟ್ಟಿದರೂ ಆಚೆ ತುದಿ ಪೂರ್ತಿ ಸರಿಯುವುದಿಲ್ಲ. ಬ್ರೇಕೂ ಪೂರ್ತಿ ಹಿಡಿಯುವುದಿಲ್ಲ, ಆಚೆ ತುದಿಯಲ್ಲಿರುವ ಗುಂಡಿಯೂ ಒತ್ತಿಕೊಳ್ಳುವುದಿಲ್ಲ. ಇನ್ನೊಂದು ರೀತಿಯಿದೆ. ಪ್ಯಾಡು ಸವೆದಿದೆ ಎಂದು ಯಾರೋ ಬ್ರೇಕಿನ ನಟ್ಟನ್ನು ಮಿತಿಮೀರಿ ಬಿಗಿಮಾಡಿರುತ್ತಾರೆ, ಅಥವಾ ಮಳೆಗಾಲದ ತೇವಕ್ಕೆ ಬ್ರೇಕಿನ ತೋಳು ತುಕ್ಕು ಹಿಡಿದು ಕುಳಿತಿರುತ್ತದೆ. ಪೆಡಲ್ ಅರ್ಧದಲ್ಲೇ ನಿಲ್ಲುತ್ತದೆ, ಗುಂಡಿಯವರೆಗೆ ಹೋಗುವುದೇ ಇಲ್ಲ. ಎರಡೂ ಸಂದರ್ಭದಲ್ಲಿ ಓಡಿಸುವವನಿಗೆ ಕಾಣುವುದು ಒಂದೇ: ಕೀಲಿ ತಿರುಗಿಸಿದರೆ ಸದ್ದಿಲ್ಲ. ಸ್ವಿಚ್ಚಿಗೆ ಡೈರೆಕ್ಟ್ ಕೊಟ್ಟರೆ ಸದ್ದು ಬರುತ್ತದೆ. ಆದರೆ ಮೊದಲು ಕೆಟ್ಟ ಬ್ರೇಕಿನೊಂದಿಗೆ ನಿಂತಿದ್ದ ಯಂತ್ರ ಈಗ ಕೆಟ್ಟ ಬ್ರೇಕಿನೊಂದಿಗೇ ಓಡುತ್ತದೆ. ಕೆಟ್ಟ ಯಂತ್ರಕ್ಕಿಂತ ಹೀಗೆ ಸರಿಮಾಡಿದ ಯಂತ್ರವೇ ಹೆಚ್ಚು ಅಪಾಯದ್ದು ಎನ್ನುವುದು ಈ ಕಾರಣಕ್ಕೆ.

ಹಾಗಾದರೆ ಹುಡುಕುವ ದಾರಿ ಯಾವುದು? ಮೊದಲು ಕಿವಿ ಕೊಡಬೇಕು. ಕೀಲಿ ತಿರುಗಿಸಿದಾಗ ಸ್ಟಾರ್ಟರ್‌ಗೆ ಕರೆಂಟು ಬಿಡುವ ಸೊಲೆನಾಯ್ಡ್ ‘ಟಕ್’ ಎಂದು, ಎಂಜಿನ್ ತಿರುಗದಿದ್ದರೆ ಸುರಕ್ಷತಾ ಸ್ವಿಚ್ಚುಗಳು ತಮ್ಮ ಕೆಲಸ ಮಾಡಿವೆ. ತಪ್ಪು ಬ್ಯಾಟರಿಯಲ್ಲಿ, ಕೇಬಲ್ಲಿನಲ್ಲಿ ಅಥವಾ ಸ್ಟಾರ್ಟರ್‌ನಲ್ಲಿ. ಪೂರ್ತಿ ಚಾರ್ಜ್ ಆಗಿ ಸುಮ್ಮನಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ. ‘ಟಕ್’ ಎಂಬ ಸದ್ದೂ ಇಲ್ಲದಿದ್ದರೆ ಫ್ಯೂಸು ನೋಡಿ, ಆಮೇಲೆ ಸ್ವಿಚ್ಚಿನ ದಾರಿ ಹಿಡಿಯಬೇಕು. ಆಗಲೂ ಮೊದಲು ಮುಟ್ಟಬೇಕಾದದ್ದು ಪೆಡಲನ್ನು. ಯಂತ್ರದ ಕೆಳಗೆ ಬಗ್ಗಿ, ಇನ್ನೊಬ್ಬರಿಂದ ಪೆಡಲ್ ಅದುಮಿಸಿ, ಆ ಗುಂಡಿ ಪೂರ್ತಿ ಒಳಗೆ ಹೋಗುತ್ತದೆಯೇ ಎಂದು ಕಣ್ಣಾರೆ ನೋಡಬೇಕು. ಕತ್ತರಿಸಿದ ಹುಲ್ಲು ಒದ್ದೆಯಾಗಿ ಮೆತ್ತಿಕೊಂಡು, ಒಣಗಿ, ಹಲಗೆಯಂತಾಗಿ ಪೆಡಲಿಗೆ ಅಡ್ಡ ನಿಂತಿರುವುದು ಬಹಳ ಸಾಮಾನ್ಯ. ಗುಂಡಿ ಹೋಗುತ್ತಿಲ್ಲವಾದರೆ ಸ್ವಿಚ್ಚು ನಿರಪರಾಧಿ, ಸರಳು, ಸ್ಪ್ರಿಂಗು, ನಟ್ಟುಗಳ ಕಡೆ ನಡೆಯಬೇಕು. ಗುಂಡಿ ಸರಿಯಾಗಿ ಹೋಗುತ್ತಿದ್ದರೆ ಮಾತ್ರ ಸ್ವಿಚ್ಚನ್ನು ಅನುಮಾನಿಸುವ ಹಕ್ಕು ನಮಗೆ ಬರುತ್ತದೆ.

ಅನುಮಾನ ಬಂದ ಮೇಲೆ ಸ್ವಿಚ್ಚನ್ನು ಕೈಯಲ್ಲಿ ಹಿಡಿದು ನೋಡಿ. ಕೆಲವಕ್ಕೆ ಎರಡು ಕಾಲು, ಹಲವಕ್ಕೆ ನಾಲ್ಕು. ನಾಲ್ಕು ಕಾಲಿನದರಲ್ಲಿ ಸಾಮಾನ್ಯವಾಗಿ ಒಂದು ಜೊತೆ ಒತ್ತಿದಾಗ ಕೂಡುತ್ತದೆ, ಇನ್ನೊಂದು ಜೊತೆ ಒತ್ತಿದಾಗ ಅಗಲುತ್ತದೆ. ಒಂದು ಸ್ಟಾರ್ಟ್ ಮಾಡಲು ಬಿಡುವ ದಾರಿ, ಇನ್ನೊಂದು ಎಂಜಿನ್ ನಿಲ್ಲಿಸುವ ದಾರಿ. ಮಲ್ಟಿಮೀಟರನ್ನು ಬೀಪ್ ಗುರುತಿಗೆ ಇಟ್ಟು, ಒಂದೊಂದು ಜೊತೆಗೆ ಮುಟ್ಟಿಸಿ, ಗುಂಡಿ ಒತ್ತಿ ಬಿಟ್ಟು ನೋಡಿದರೆ ಅರೆ ನಿಮಿಷದಲ್ಲಿ ತೀರ್ಪು ಸಿಗುತ್ತದೆ. ಯಾವುದೂ ತಿಳಿಯದೆ ಎಲ್ಲ ವೈರುಗಳನ್ನು ಹೊಸೆದುಬಿಟ್ಟವನು ಸ್ಟಾರ್ಟ್ ಆಗುವುದನ್ನು ಸರಿಮಾಡಲು ಹೋಗಿ ನಿಲ್ಲುವುದನ್ನು ಕೆಡಿಸಿರುತ್ತಾನೆ. ನಮ್ಮ ಕಡೆಯ ಹವೆಯಲ್ಲಿ ಸ್ವಿಚ್ಚಿನ ಒಳಭಾಗಕ್ಕಿಂತ ಹೊರಗಿನ ಕಾಲುಗಳೇ ಬೇಗ ಕೆಡುತ್ತವೆ. ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ, ಸ್ಟೋರಿನಲ್ಲಿ ಇಲಿ ವೈರು ಕಡಿಯುತ್ತದೆ. ಉಪ್ಪುಕಾಗದದಿಂದ ತಿಕ್ಕಿ, ಕ್ಲಿಪ್ಪನ್ನು ಇಕ್ಕಳದಿಂದ ಸ್ವಲ್ಪ ಬಿಗಿಮಾಡಿ ಮತ್ತೆ ಕೂರಿಸಿದರೆ ಸತ್ತಿದೆ ಎಂದುಕೊಂಡ ಸ್ವಿಚ್ಚು ಬದುಕುವುದುಂಟು.

ನಿಲ್ಲುವ ಮಾತು ಬಂತು. ಅಲ್ಲಿ ಸ್ವಲ್ಪ ನಿಲ್ಲೋಣ. ಇಂಥ ಸಣ್ಣ ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿಗೆ ಬೇಕಾದ ವಿದ್ಯುತ್ತನ್ನು ಮ್ಯಾಗ್ನೆಟೊ ತಾನೇ ಹುಟ್ಟಿಸಿಕೊಳ್ಳುತ್ತದೆ, ಬ್ಯಾಟರಿಯ ಹಂಗಿಲ್ಲ. ಆ ಎಂಜಿನ್ನನ್ನು ನಿಲ್ಲಿಸುವುದೆಂದರೆ ಒಂದು ವೈರಿನ ಮೂಲಕ ಮ್ಯಾಗ್ನೆಟೊದ ವಿದ್ಯುತ್ತನ್ನು ಯಂತ್ರದ ಮೈಗೆ, ಅಂದರೆ ಅರ್ಥಿಂಗಿಗೆ, ಹರಿಸಿಬಿಡುವುದು. ಲಾನ್ ಮೂವರ್ ಸೀಟಿನಿಂದ ಎದ್ದರೆ ಅದರ ಸ್ವಿಚ್ಚು ಎಂಜಿನ್ ನಿಲ್ಲಿಸುವುದು ಹೀಗೆ. ವೀಡ್ ಕಟರಿನ ಕೆಂಪು ಗುಂಡಿ ಒತ್ತಿದರೆ ನಿಲ್ಲುವುದೂ ಹೀಗೆಯೇ. ಆ ವೈರು ತುಂಡಾದರೆ ಏನಾಗುತ್ತದೆ? ಎಂಜಿನ್ ಸ್ಟಾರ್ಟ್ ಆಗುತ್ತದೆ, ಚೆನ್ನಾಗಿಯೇ ಓಡುತ್ತದೆ, ನಿಲ್ಲುವುದಿಲ್ಲ. ಬೇಕಾದಾಗ ಮಾತ್ರ ಗೊತ್ತಾಗುವ ತಪ್ಪು ಇದು. ಸ್ಟಾರ್ಟ್ ಆಗದ ಯಂತ್ರವನ್ನು ಎಲ್ಲರೂ ಗ್ಯಾರೇಜಿಗೆ ಹೊತ್ತೊಯ್ಯುತ್ತಾರೆ. ನಿಲ್ಲದ ಯಂತ್ರವನ್ನು ಚೋಕ್ ಎಳೆದು ನಿಲ್ಲಿಸಿಕೊಂಡು ಸೀಸನ್ ಪೂರ್ತಿ ದುಡಿಸುವವರಿದ್ದಾರೆ. ಆದ್ದರಿಂದ ರಿಪೇರಿ ಮುಗಿದ ಮೇಲೆ ಎರಡನ್ನೂ ನೋಡಬೇಕು. ಸರಿಯಾದ ಸ್ಥಿತಿಯಲ್ಲಿ ಸ್ಟಾರ್ಟ್ ಆಗುತ್ತದೆಯೇ, ತಪ್ಪು ಸ್ಥಿತಿಯಲ್ಲಿ ಸ್ಟಾರ್ಟ್ ಆಗಲು, ಓಡುತ್ತಲೇ ಇರಲು ನಿರಾಕರಿಸುತ್ತದೆಯೇ. ನಿರಾಕರಿಸದ ಯಂತ್ರ ರಿಪೇರಿ ಆಗಿಲ್ಲ.

ಬ್ಲೇಡಿನ ಕ್ಲಚ್ಚು ಇದಕ್ಕಿಂತ ಕಡಿಮೆಯದಲ್ಲ. ಲಾನ್ ಮೂವರ್ ಬ್ಲೇಡಿನ ತುದಿಗೆ ಅಮೆರಿಕದ ಮಾನದಂಡ ಹಾಕಿರುವ ಗರಿಷ್ಠ ಮಿತಿಯೇ ನಿಮಿಷಕ್ಕೆ 19,000 ಅಡಿ. ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 350 ಕಿಲೋಮೀಟರ್. ಅದೇ ದೇಶ, ಕೈಯಲ್ಲಿ ತಳ್ಳುವ ಮೂವರ್‌ಗಳ ಹಿಡಿಕೆ ಬಿಟ್ಟ 3 ಸೆಕೆಂಡಿನೊಳಗೆ ಬ್ಲೇಡ್ ನಿಲ್ಲಲೇಬೇಕೆಂಬ ನಿಯಮವನ್ನು 1982ರಲ್ಲಿ ಜಾರಿಗೆ ತಂದಿತು. ಮೇಲೆ ಕೂತು ಓಡಿಸುವ ಹಲವು ಯಂತ್ರಗಳಲ್ಲಿ ಬ್ಲೇಡನ್ನು ಹಿಡಿಯುವುದೂ ಬಿಡುವುದೂ ವಿದ್ಯುತ್ ಅಯಸ್ಕಾಂತದ ಕ್ಲಚ್ಚು. ಅದರ ಎರಡು ತಟ್ಟೆಗಳ ನಡುವಿನ ಸಂದು ಮಿಲಿಮೀಟರಿನ ಮೂರನೇ ಒಂದರಷ್ಟಿರಬೇಕು. ಸವೆದು ಸಂದು ಅಗಲವಾದರೆ ಬೆಳಿಗ್ಗೆ ತಣ್ಣಗಿದ್ದಾಗ ಹಿಡಿಯುತ್ತದೆ, ಅರ್ಧ ಗಂಟೆ ಕೆಲಸ ಮಾಡಿ ಬಿಸಿಯಾದ ಮೇಲೆ ಬಿಟ್ಟುಬಿಡುತ್ತದೆ. ಇದನ್ನು ಸ್ವಿಚ್ಚಿನ ತಪ್ಪೆಂದು ತಿಳಿದು ವೈರು ಹೊಸೆದವರು ತಟ್ಟೆಯ ಸಂದನ್ನು ಅಳೆದೇ ಇರುವುದಿಲ್ಲ. ವೀಡ್ ಕಟರಿನಲ್ಲಿ ಇದೇ ಕೆಲಸವನ್ನು ಎರಡು ಪುಟ್ಟ ಲೋಹದ ತುಂಡುಗಳೂ ಒಂದು ಸ್ಪ್ರಿಂಗೂ ಮಾಡುತ್ತವೆ. ಎಂಜಿನ್ ವೇಗ ಏರಿದಾಗ ತುಂಡುಗಳು ಹೊರಕ್ಕೆ ಹಾರಿ ಬಟ್ಟಲನ್ನು ಕಚ್ಚಿಕೊಳ್ಳುತ್ತವೆ, ಇಳಿದಾಗ ಸ್ಪ್ರಿಂಗು ಒಳಕ್ಕೆ ಎಳೆಯುತ್ತದೆ. ಆಕ್ಸಿಲರೇಟರ್ ಬಿಟ್ಟು ಎಂಜಿನ್ ಸಣ್ಣಗೆ ಓಡುತ್ತಿರುವಾಗಲೂ ಬ್ಲೇಡ್ ತಿರುಗುತ್ತಿದ್ದರೆ ಒಂದೋ ಐಡಲ್ ಹೆಚ್ಚಾಗಿದೆ, ಇಲ್ಲವೇ ಸ್ಪ್ರಿಂಗು ಸೋತಿದೆ. ಐಡಲ್ ಸ್ಕ್ರೂ ಅರ್ಧ ಸುತ್ತು ತಿರುಗಿಸಿದರೆ ಹೋಗಬಹುದಾದ ತಪ್ಪು. ಹಾಗೆಯೇ ಬಿಟ್ಟರೆ, ಹೆಗಲಿಗೆ ಬೆಲ್ಟ್ ಹಾಕಿಕೊಂಡು ಜಾರುವ ಮಣ್ಣಿನಲ್ಲಿ ಕಾಫಿ ಗಿಡದಿಂದ ಗಿಡಕ್ಕೆ ದಾಟುವವನ ಪಾದದ ಪಕ್ಕದಲ್ಲೇ ತಿರುಗುವ ಬ್ಲೇಡು. ಇದೇ ಯಂತ್ರದ ಹಿಡಿಕೆಯ ಹಿಂಬದಿಯಲ್ಲಿ ಅಂಗೈ ಒತ್ತಿದರೆ ಮಾತ್ರ ಆಕ್ಸಿಲರೇಟರ್ ಎಳೆಯಲು ಬಿಡುವ ಪಟ್ಟಿಯಿರುತ್ತದೆ. ಕೈ ನೋಯುತ್ತದೆಂದು ಅದಕ್ಕೆ ರಬ್ಬರ್ ಸುತ್ತಿಡುವುದೂ ಡೈರೆಕ್ಟಿನ ಇನ್ನೊಂದು ಹೆಸರು.

ಇಳಿಜಾರಿಗೆ ಬಂದರೆ ಲೆಕ್ಕವೇ ಬದಲಾಗುತ್ತದೆ. ಕೂತು ಓಡಿಸುವ ಮೂವರ್‌ಗಳನ್ನು 15 ಡಿಗ್ರಿಗಿಂತ ಹೆಚ್ಚಿನ ಇಳಿಜಾರಿನಲ್ಲಿ ಬಳಸಬಾರದೆಂದು ಕೈಪಿಡಿಗಳು ಸಾಮಾನ್ಯವಾಗಿ ಹೇಳುತ್ತವೆ. 10 ಅಡಿ ನಡೆದರೆ ಎರಡೂವರೆ ಅಡಿಗಿಂತ ತುಸು ಹೆಚ್ಚು ಏರುವ ಜಾಗ ಅದು. ಆ ಲೆಕ್ಕವನ್ನು ಹಿಡಿದು ನೋಡಿದರೆ ನಮ್ಮ ಎಷ್ಟೋ ತೋಟಗಳು ಆ ಯಂತ್ರದ ಪಾಲಿಗೆ ಇಲ್ಲವೇ ಇಲ್ಲ. ಆದರೆ ಪವರ್ ಟಿಲ್ಲರು ಟ್ರೇಲರ್ ಕಟ್ಟಿಕೊಂಡು ಗೊಬ್ಬರವನ್ನೋ ಶುಂಠಿ ಚೀಲವನ್ನೋ ಹೊತ್ತು ಅಂಥ ದಾರಿಗಳಲ್ಲೇ ಇಳಿಯುತ್ತದೆ. ಟಿಲ್ಲರಿನ ಎರಡು ಹಿಡಿಕೆಗಳಲ್ಲಿ ಎರಡು ಸ್ಟೀರಿಂಗ್ ಕ್ಲಚ್ಚುಗಳಿವೆ. ಎಡಗೈಯದನ್ನು ಒತ್ತಿದರೆ ಎಡ ಚಕ್ರಕ್ಕೆ ಶಕ್ತಿ ತಪ್ಪಿ, ಬಲ ಚಕ್ರ ಮುಂದೆ ತಳ್ಳಿ, ಯಂತ್ರ ಎಡಕ್ಕೆ ತಿರುಗುತ್ತದೆ. ಸಮತಟ್ಟಿನಲ್ಲಿ ಮಾತ್ರ. ಕಡಿದಾದ ಇಳಿಜಾರಿನಲ್ಲಿ ಚಕ್ರವನ್ನು ಎಂಜಿನ್ ದೂಡುತ್ತಿರುವುದಿಲ್ಲ, ತಡೆಯುತ್ತಿರುತ್ತದೆ. ಆಗ ಎಡ ಕ್ಲಚ್ಚು ಒತ್ತಿದರೆ ಎಡ ಚಕ್ರ ಆ ತಡೆಯಿಂದ ಬಿಡುಗಡೆಯಾಗಿ ಬೇಗ ಉರುಳುತ್ತದೆ, ಬಲ ಚಕ್ರ ನಿಧಾನವಾಗುತ್ತದೆ, ಟಿಲ್ಲರು ಬಲಕ್ಕೆ ಹೊರಳುತ್ತದೆ! ಹೊಸಬನಿಗೆ ಇದು ಗೊತ್ತಿಲ್ಲದೆ, ತಪ್ಪಿಸಿಕೊಳ್ಳಲು ಅದನ್ನೇ ಇನ್ನಷ್ಟು ಒತ್ತಿದರೆ, ಹಳ್ಳದಿಂದ ದೂರ ಹೋಗಬೇಕಾದವನು ಹಳ್ಳಕ್ಕೇ ಹೋಗುತ್ತಾನೆ. ಅದಕ್ಕಾಗಿಯೇ ಇಳಿಯುವ ಮೊದಲೇ ಕೆಳಗಿನ ಗೇರಿಗೆ ಹಾಕಿ, ಸ್ಟೀರಿಂಗ್ ಕ್ಲಚ್ಚು ಮುಟ್ಟದೆ, ಹಿಡಿಕೆಯನ್ನೇ ತಿರುಗಿಸಿ ಇಳಿಯಬೇಕು. ಕೇಬಲ್ ಬಿಗಿಯಾಗಿ ಕ್ಲಚ್ಚೊಂದು ತಾನಾಗಿ ಅರ್ಧ ಬಿಟ್ಟುಕೊಂಡಿದ್ದರೆ, ಯಾರೂ ಮುಟ್ಟದೆಯೇ ಈ ಹೊರಳು ಶುರುವಾಗುತ್ತದೆ. ಟ್ರೇಲರಿನ ಕಾಲು ಬ್ರೇಕು ಕೆಸರು ತುಂಬಿ ಸತ್ತಿದ್ದರಂತೂ ತಡೆಯುವವರು ಯಾರು? ಟಿಲ್ಲರಿಗೆ ಸೀಟಿನ ಸ್ವಿಚ್ಚೂ ಇಲ್ಲ, ಪೆಡಲಿನ ಸ್ವಿಚ್ಚೂ ಇಲ್ಲ. ಅಲ್ಲಿ ಸಾಕ್ಷಿಯ ಕೆಲಸವನ್ನು ಓಡಿಸುವವನೇ, ಇಳಿಜಾರಿಗೆ ಮೂಗು ಹಾಕುವ ಮೊದಲು, ಮಾಡಬೇಕು.

ಇಷ್ಟು ಹೇಳಿದರೆ ಬರುವ ಮೊದಲ ಆಕ್ಷೇಪ ನ್ಯಾಯವಾದದ್ದೇ. ಮಳೆ ಬಿಟ್ಟಿರುವುದು ಎರಡು ದಿನ, ಆಳು ಬಂದು ಕೂತಿದ್ದಾರೆ, ಆ ಸ್ವಿಚ್ಚು ಶನಿವಾರಸಂತೆಯಲ್ಲಿಲ್ಲ, ಸೋಮವಾರಪೇಟೆಯಲ್ಲಿಲ್ಲ, ತರಿಸಲು ವಾರ ಬೇಕು. ಯಂತ್ರ ನಿಲ್ಲಿಸಿಕೊಂಡು ಕೂತರೆ ನಷ್ಟ ತುಂಬಿಕೊಡುವವರು ಯಾರು? ಈ ಪ್ರಶ್ನೆ ಕೇಳುವವರ ಕಷ್ಟ ನಿಜ. ಆದರೆ ವಾರ ಕಾಯಬೇಕಾಗುವುದು ಸ್ವಿಚ್ಚೇ ಸತ್ತಾಗ. ಕಿಲುಬು, ಸಡಿಲ ಕ್ಲಿಪ್ಪು, ಹುಲ್ಲಿನ ಕೆಸರು, ತುಕ್ಕು ಹಿಡಿದ ತೋಳು, ಸವೆದ ಪಿನ್ನು ಇವುಗಳಿಗೆ ಬಿಡಿಭಾಗದ ಅಂಗಡಿಯೇ ಬೇಡ, ಒಂದು ಗಂಟೆಯ ಹೊತ್ತು ಸಾಕು. ಡೈರೆಕ್ಟ್ ಕೊಡುವುದು ಐದು ನಿಮಿಷದ ಕೆಲಸವೆಂಬ ಒಂದೇ ಕಾರಣಕ್ಕೆ ಆ ಒಂದು ಗಂಟೆಯನ್ನು ಯಾರೂ ಕೊಡುತ್ತಿಲ್ಲ. ಪರೀಕ್ಷೆಗಾಗಿ, ಚಕ್ರಕ್ಕೆ ಅಡ್ಡ ಕಲ್ಲಿಟ್ಟು, ಬ್ಲೇಡಿನ ಬೆಲ್ಟ್ ಕಳಚಿ, ಒಂದು ನಿಮಿಷ ವೈರು ಮುಟ್ಟಿಸಿ ನೋಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಹುಡುಕುವ ದಾರಿಯಲ್ಲಿ ಅದೂ ಒಂದು ಮೆಟ್ಟಿಲು. ಆ ವೈರಿನ ಮೇಲೆ ಟೇಪು ಸುತ್ತುವುದು ಬೇಡ.

ಎರಡನೆಯ ಆಕ್ಷೇಪ: ಹಳೆಯ ಯಂತ್ರಗಳಿಗೆ ಇದ್ಯಾವುದೂ ಇರಲಿಲ್ಲ, ಹಿರಿಯರು ದುಡಿಯಲಿಲ್ಲವೇ? ದುಡಿದರು. ಹ್ಯಾಂಡಲ್ ಸುತ್ತಿ ಎಂಜಿನ್ ಎಬ್ಬಿಸುವವನಿಗೆ ಗೇರ್ ನ್ಯೂಟ್ರಲ್‌ನಲ್ಲಿದೆಯೇ ಎಂದು ನೋಡದೆ ಗತಿಯಿರಲಿಲ್ಲ, ಏಕೆಂದರೆ ಯಂತ್ರದ ಎದುರಿಗೆ ನಿಂತವನು ಅವನೇ. ಕೀಲಿ ಬಂದು ಆ ಎಚ್ಚರ ಹೋಯಿತು. ಹೋದ ಎಚ್ಚರದ ಜಾಗದಲ್ಲಿ ಕೂರಿಸಿದ್ದೇ ಈ ಸ್ವಿಚ್ಚು. ಟ್ರ್ಯಾಕ್ಟರಿನ ಪಕ್ಕ ನೆಲದ ಮೇಲೆ ನಿಂತು ಸ್ಟಾರ್ಟರಿನ ಎರಡು ಬೋಲ್ಟುಗಳಿಗೆ ಸ್ಕ್ರೂಡ್ರೈವರ್ ಅಡ್ಡ ಇಡುವವನು ಕೀಲಿಯ ಸುಖವನ್ನೂ ಇಟ್ಟುಕೊಂಡು ಹಿರಿಯರ ಎಚ್ಚರವನ್ನೂ ಬಿಟ್ಟಿದ್ದಾನೆ. ಗೇರಿನಲ್ಲಿದ್ದ ಟ್ರ್ಯಾಕ್ಟರ್ ಎದ್ದು ನಡೆದರೆ ದೊಡ್ಡ ಹಿಂಗಾಲಿಯ ದಾರಿಯಲ್ಲಿ ನಿಂತಿರುವವನು ಅವನೇ. ಟ್ರ್ಯಾಕ್ಟರ್ ಇರುವ ಹಲವು ದೇಶಗಳಲ್ಲಿ ಜನ ಹೀಗೆ ಸತ್ತಿದ್ದಾರೆ.

ಮೂರನೆಯದಕ್ಕೆ ನಾನು ಅರ್ಧ ಒಪ್ಪುತ್ತೇನೆ. ಹಳ್ಳದಿಣ್ಣೆಯಲ್ಲಿ ಕುಲುಕಿದಾಗಲೆಲ್ಲ ಸೀಟಿನ ಸ್ವಿಚ್ಚು ಎಂಜಿನ್ ಆರಿಸಿಬಿಡುತ್ತದೆ, ಹಗುರ ಮೈಯವರಿಗಂತೂ ಕಾಟ ತಪ್ಪದು ಎಂಬ ದೂರು ಸುಳ್ಳಲ್ಲ. ಓಡಿಸುವವನ ತೂಕವನ್ನು ಸರಿಯಾಗಿ ಅಂದಾಜು ಮಾಡದೆ ಸೀಟು ಮಾಡಿದ್ದು ವಿನ್ಯಾಸದ ತಪ್ಪೇ. ಅದಕ್ಕೆ ಸೀಟಿನ ಸ್ಪ್ರಿಂಗು ಹೊಂದಿಸಬೇಕು, ಹರಿದ ಕುಶನ್ ಬದಲಿಸಬೇಕು. ಆದರೆ ಒಂದು ಮಾತು: ಅಡ್ಡ ಇಳಿಜಾರಿನಲ್ಲಿ ಮೇಲ್ಬದಿಗೆ ವಾಲಿ ಕೂತು ಓಡಿಸುವಾಗ ಎಂಜಿನ್ ಆರುತ್ತಿದ್ದರೆ ಅಲ್ಲಿ ಸೀಟಿನ ತಪ್ಪಿಲ್ಲ. ಮೈ ವಾಲಿಸದೆ ಕೂರಲಾಗದ ಜಾಗದಲ್ಲಿ ಆ ಯಂತ್ರ ಅಡ್ಡಡ್ಡ ಓಡಬಾರದು.

ಇದೆಲ್ಲ ಒಬ್ಬರ ಯಂತ್ರ, ಒಬ್ಬರ ಜವಾಬ್ದಾರಿ ಎಂದು ಬಿಡಬಹುದಿತ್ತು. ಆದರೆ ಈಗ ಯಂತ್ರ ಒಬ್ಬರದಾಗಿ ಉಳಿದಿಲ್ಲ. ಕರ್ನಾಟಕದಲ್ಲಿ 2014-15ರಲ್ಲಿ ಶುರುವಾದ ಕೃಷಿ ಯಂತ್ರಧಾರೆ ಹೋಬಳಿ ಮಟ್ಟದಲ್ಲಿ ಬಾಡಿಗೆಗೆ ಯಂತ್ರ ಕೊಡುವ ವ್ಯವಸ್ಥೆ. ಸಣ್ಣ ಹಿಡುವಳಿಯವರಿಗೆ ಅದು ದೊಡ್ಡ ಅನುಕೂಲ. ಖಾಸಗಿ ಬಾಡಿಗೆಯೂ ಇದೆ, ನೆರೆಹೊರೆಯ ಕೊಡುಕೊಳ್ಳುವಿಕೆಯೂ ಇದೆ. ಸ್ವಂತ ಯಂತ್ರದ ಸ್ವಿಚ್ಚು ಡೈರೆಕ್ಟ್ ಆಗಿದೆ ಎಂದು ಅದರ ಯಜಮಾನನಿಗಾದರೂ ನೆನಪಿರುತ್ತದೆ. ನಾಳೆ ಅದನ್ನು ಬಾಡಿಗೆಗೆ ಒಯ್ಯುವವನಿಗೆ, ನಾಡಿದ್ದು ಓಡಿಸುವ ಕೂಲಿಯವನಿಗೆ ಅದು ಗೊತ್ತಿರುವುದಿಲ್ಲ. ಬ್ರೇಕ್ ಅದುಮದಿದ್ದರೆ ಸ್ಟಾರ್ಟ್ ಆಗದು ಎಂಬ ನಂಬಿಕೆಯಲ್ಲೇ ಅವನು ಕೀಲಿ ತಿರುಗಿಸುತ್ತಾನೆ. ಕಾನೂನು ಈ ಕಡೆ ನೋಡಿಲ್ಲವೆಂದಲ್ಲ. ಒಕ್ಕಣೆ ಯಂತ್ರಕ್ಕೆ ಕೈ ಕೊಟ್ಟು ಕಳೆದುಕೊಂಡವರ ಸಂಖ್ಯೆ ಹೆಚ್ಚಿದಾಗ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಮಾಡಿತು. ಅದರ ವ್ಯಾಖ್ಯೆ ಪವರ್ ಥ್ರೆಷರಿನಿಂದ ಶುರುವಾಗುತ್ತದೆ. ಕೃಷಿಯ ಬೇರೆ ಯಂತ್ರಗಳನ್ನು ಸೇರಿಸಿಕೊಳ್ಳಲು ಸರ್ಕಾರಕ್ಕೆ ಬಾಗಿಲು ತೆರೆದಿಟ್ಟಿದೆ. ಕೈ ಹೋದ ಮೇಲೆ ಬಂದ ಕಾಯ್ದೆ ಅದು. ಟಿಲ್ಲರಿಗೆ, ವೀಡ್ ಕಟರಿಗೆ, ಮಿನಿ ಟ್ರ್ಯಾಕ್ಟರಿಗೆ ಹಾಗೆ ಕಾಯುವ ಅಗತ್ಯವಿಲ್ಲ. ಬಾಡಿಗೆ ಕೊಡುವ ಕೇಂದ್ರದ ಅಂಗಳದಲ್ಲೇ, ಡೀಸೆಲ್ ಎಷ್ಟಿದೆ ಎಂದು ಬರೆದುಕೊಳ್ಳುವ ಪುಸ್ತಕದಲ್ಲೇ, ಇನ್ನೊಂದು ಕಾಲಂ ಎಳೆದರೆ ಆಯಿತು: ಬ್ರೇಕ್ ಹಾಕಿ ತಳ್ಳಿದಾಗ ಚಕ್ರ ಉರುಳಿತೇ, ಕ್ಲಚ್ಚು ಒತ್ತದೆ ಕೀಲಿ ತಿರುಗಿಸಿದಾಗ ಸ್ಟಾರ್ಟರ್ ತಿರುಗಿತೇ, ಐಡಲ್‌ನಲ್ಲಿ ಬ್ಲೇಡ್ ನಿಂತಿತೇ, ನಿಲ್ಲಿಸುವ ಗುಂಡಿಗೆ ಎಂಜಿನ್ ನಿಂತಿತೇ. ಕೊಡುವವನೂ ಒಯ್ಯುವವನೂ ಎದುರೆದುರು ನಿಂತು ಈ ನಾಲ್ಕನ್ನು ನೋಡಲು ಒಂದು ಲೋಟ ಕಾಫಿ ಆರುವಷ್ಟು ಹೊತ್ತೂ ಬೇಡ. ಒಂದಕ್ಕೆ ತಪ್ಪು ಉತ್ತರ ಬಂದರೂ ಆ ದಿನ ಆ ಯಂತ್ರ ಗೇಟು ದಾಟಬಾರದು. ಕಪ್ಪು ಟೇಪು ಸುತ್ತಿದ ವೈರು ಕಂಡರೆ, ಅದನ್ನು ಬಿಚ್ಚಿ, ಅದರ ಹಿಂದೆ ಇದ್ದ ಬ್ರೇಕನ್ನು ಹುಡುಕಲು ಶುರುಮಾಡಬೇಕು.